ಸೌದೆ ಸೀಳುವ ಮಿಷನ್ನಿನ ಪಂಪ್ ಕೈಕೊಟ್ಟಾಗ

ಅಡಿಕೆ ಸುಗ್ಗಿ ಶುರುವಾಯಿತು ಅಂದರೆ ಚನ್ನಗಿರಿ, ಸಂತೇಬೆನ್ನೂರು ಕಡೆಯಿಂದ ನಮ್ಮ ವರ್ಕ್‌ಶಾಪಿಗೆ ಒಂದೇ ತರದ ಫೋನ್ ಬರುತ್ತದೆ. "ಅಣ್ಣಾ, ಮೋಟರ್ ಓಡ್ತಾ ಇದೆ, ಸೌದೆ ಮಾತ್ರ ಸೀಳ್ತಾ ಇಲ್ಲ. ಪಂಪ್ ಹೋಗಿದೆ. ಬರುವಾಗ ಹೊಸದು ತಗೊಂಡೇ ಬನ್ನಿ." ಖೇಣಿ ಮನೆಯ, ಅಂದರೆ ತೋಟದ ಅಡಿಕೆಯನ್ನು ಗುತ್ತಿಗೆ ಹಿಡಿದು ಬೇಯಿಸಿ ಒಣಗಿಸುವವರ ಅವಸರ ನನಗೆ ಗೊತ್ತು. ಸುಲಿದ ಅಡಿಕೆ ರಾಶಿ ಬಿದ್ದಿರುತ್ತದೆ, ಬೇಯಿಸುವ ಹಂಡೆ ಕಾಯುತ್ತಿರುತ್ತದೆ, ಒಂದು ದಿನ ತಡವಾದರೂ ಬಣ್ಣ ಕೆಡುತ್ತದೆ ಎಂಬ ಭಯ. ದಾವಣಗೆರೆಯಲ್ಲಿ ಸೌದೆ ಒಲೆ ಇಟ್ಟುಕೊಂಡ ಬೆಣ್ಣೆ ದೋಸೆ ಹೋಟೆಲುಗಳಿಗೆ ಸೌದೆ ಕೊಡುವ ಡಿಪೋದವರದ್ದೂ ಇದೇ ಅವಸರ. ಆದರೂ ನಾನು ಪಂಪ್ ತೆಗೆದುಕೊಂಡು ಹೋಗುವುದಿಲ್ಲ. ಪ್ರೆಷರ್ ಗೇಜ್ ತೆಗೆದುಕೊಂಡು ಹೋಗುತ್ತೇನೆ.

ಯಾಕೆಂದರೆ ಗೇರ್ ಪಂಪ್ ತಾನಾಗಿ ಸಾಯುವುದು ಬಹಳ ಕಡಿಮೆ. ಒಳಗೆ ಇರುವುದು ಎರಡು ಗೇರು, ಅವುಗಳ ಶಾಫ್ಟನ್ನು ಎರಡೂ ಪಕ್ಕ ಹಿಡಿದುಕೊಳ್ಳುವ ಎರಡು ಬುಷ್ ಬ್ಲಾಕು, ಒಂದಿಷ್ಟು ಸೀಲು, ಅಷ್ಟೇ. ಶುದ್ಧವಾದ ಆಯಿಲ್ ಸಾಕಷ್ಟು ಸಿಕ್ಕಿದರೆ ವರ್ಷಗಟ್ಟಲೆ ಓಡುತ್ತದೆ. ಕೆಟ್ಟಿದೆ ಅಂದರೆ ಮಿಷನ್ನಿನಲ್ಲಿ ಬೇರೆ ಏನೋ ಅದನ್ನು ಕೊಂದಿದೆ. ಆ 'ಏನೋ' ಇನ್ನೂ ಅಲ್ಲೇ ಇರುತ್ತದೆ. ಅದನ್ನು ಹುಡುಕದೆ ಹೊಸ ಪಂಪ್ ಹಾಕಿದರೆ ಅದೂ ಅದೇ ದಾರಿ ಹಿಡಿಯುತ್ತದೆ.

ಮಿಷನ್ ಕೆಲಸ ಮಾಡುವುದು ಹೀಗೆ: ಮೋಟರ್ ಪಂಪನ್ನು ತಿರುಗಿಸುತ್ತದೆ, ಪಂಪ್ ಟ್ಯಾಂಕಿನ ಆಯಿಲನ್ನು ಸಿಲಿಂಡರಿಗೆ ತಳ್ಳುತ್ತದೆ, ಸಿಲಿಂಡರಿನ ರಾಡ್ ಹೊರಗೆ ಬಂದು ಸೌದೆಯನ್ನೂ ಬೆಣೆಯನ್ನೂ ಒಂದಕ್ಕೊಂದು ಒತ್ತಿ ಸೀಳುತ್ತದೆ. ಲೆಕ್ಕಕ್ಕೆ ಒಂದು ಮಿಷನ್ ಇಟ್ಟುಕೊಳ್ಳೋಣ. 7.5 ಎಚ್‌ಪಿ ತ್ರೀ ಫೇಸ್ ಮೋಟರ್, 1440 ಆರ್‌ಪಿಎಂ. ಅದಕ್ಕೆ ಕಪ್ಲಿಂಗ್‌ನಲ್ಲಿ ಸೇರಿಸಿದ 11 ಸಿಸಿ ಗೇರ್ ಪಂಪ್. 100 ಮಿ.ಮೀ. ಬೋರ್, 500 ಮಿ.ಮೀ. ಸ್ಟ್ರೋಕ್ ಇರುವ ಸಿಲಿಂಡರ್. 11 ಸಿಸಿ ಅಂದರೆ ಶಾಫ್ಟ್ ಒಂದು ಸುತ್ತು ಸುತ್ತಿದರೆ 11 ಸಿಸಿ ಆಯಿಲ್ ಹೊರಗೆ ಬರುತ್ತದೆ. 1440ರಿಂದ ಗುಣಿಸಿದರೆ ನಿಮಿಷಕ್ಕೆ ಸುಮಾರು 16 ಲೀಟರ್. ಸಿಲಿಂಡರ್ ಪೂರ್ತಿ ತುಂಬಲು ಸುಮಾರು 4 ಲೀಟರ್ ಬೇಕು. ಹಾಗಾಗಿ ರಾಡ್ ಈ ತುದಿಯಿಂದ ಆ ತುದಿಗೆ ಹೋಗಲು 15 ಸೆಕೆಂಡ್. ಪ್ರೆಷರ್ 150 ಬಾರ್ ಇದ್ದರೆ ಬೆಣೆಯ ಮೇಲೆ ಬೀಳುವ ಬಲ ಸುಮಾರು 12 ಟನ್. ನಿಮ್ಮ ಮಿಷನ್ನಿನ ಅಳತೆ ಬೇರೆ ಇರಬಹುದು, ಲೆಕ್ಕ ಇದೇ. ಈ ಸೆಕೆಂಡು ಮತ್ತು ಈ ಬಾರ್ ಎರಡನ್ನೂ ಮಿಷನ್ ಚೆನ್ನಾಗಿ ಓಡುವಾಗಲೇ ಟ್ಯಾಂಕಿನ ಮೇಲೆ ಪೇಂಟಲ್ಲಿ ಬರೆದಿಡಿ. ಮುಂದೆ ಕೆಟ್ಟಾಗ ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ.

ಪಂಪ್ ನಿಜವಾಗಿ ಹೋಗಿದೆಯಾ?

ಮೊದಲು ಕಪ್ಲಿಂಗ್ ನೋಡಿ. ಮೋಟರ್ ತಿರುಗುತ್ತಿದೆ ಅಂದ ಮಾತ್ರಕ್ಕೆ ಪಂಪ್ ತಿರುಗುತ್ತಿದೆ ಅಂತಲ್ಲ. ನಡುವೆ ಇರುವ ಸ್ಪೈಡರ್ ರಬ್ಬರ್ ಪುಡಿಯಾಗಿರಬಹುದು, ಶಾಫ್ಟಿನ ಕೀ ತುಂಡಾಗಿರಬಹುದು. ಮೇನ್ ಸ್ವಿಚ್ ಆಫ್ ಮಾಡಿ, ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಂಡು, ಮೋಟರ್ ಶಾಫ್ಟನ್ನು ಕೈಯಿಂದ ತಿರುಗಿಸಿ. ಪಂಪಿನ ಶಾಫ್ಟ್ ಜೊತೆಗೇ ತಿರುಗಬೇಕು. ಕಪ್ಲಿಂಗನ್ನು ಮುಚ್ಚಿರುವ ಬೆಲ್ ಹೌಸಿಂಗ್ ಕೆಳಗೆ ಕಪ್ಪು ರಬ್ಬರ್ ಪುಡಿ ಬಿದ್ದಿದ್ದರೆ ಉತ್ತರ ಸಿಕ್ಕಂತೆಯೇ.

ಆಮೇಲೆ ಆಯಿಲ್ ಲೆವೆಲ್. ರಾಡ್ ಒಳಗೆ ಎಳೆದುಕೊಂಡಾಗ ನೋಡಬೇಕು. ಹೊರಗೆ ಇದ್ದಾಗ ಸಿಲಿಂಡರ್ ಆಯಿಲ್ ಹಿಡಿದುಕೊಂಡಿರುತ್ತದೆ, ಟ್ಯಾಂಕ್ ಕಡಿಮೆ ತೋರಿಸುತ್ತದೆ.

ಇಷ್ಟೂ ಸರಿ ಇದ್ದರೆ ಪಂಪಿನಿಂದ ಲಿವರ್ ವಾಲ್ವಿಗೆ ಹೋಗುವ ಲೈನಿಗೆ 250 ಬಾರ್ ಗೇಜ್ ಹಾಕಿ. ರಾಡನ್ನು ಪೂರ್ತಿ ಹೊರಗೆ ಬಿಟ್ಟು, ತುದಿ ಮುಟ್ಟಿದ ಮೇಲೆ ಲಿವರನ್ನು ಎರಡು ಮೂರು ಸೆಕೆಂಡ್ ಮಾತ್ರ ಒತ್ತಿ ಹಿಡಿಯಿರಿ. ಮುಳ್ಳು 150ಕ್ಕೆ ಹೋಗಿ ನಿಂತರೆ ಪಂಪ್ ಬದುಕಿದೆ. 60ಕ್ಕೋ 70ಕ್ಕೋ ನಿಂತರೆ ಆಯಿಲ್ ಎಲ್ಲೋ ತಪ್ಪಿಸಿಕೊಳ್ಳುತ್ತಿದೆ. ತಪ್ಪಿಸಿಕೊಳ್ಳಲು ಮೂರು ಜಾಗ ಇವೆ: ರಿಲೀಫ್ ವಾಲ್ವ್ (ಪ್ರೆಷರ್ ಮಿತಿ ಮೀರಿದರೆ ಆಯಿಲನ್ನು ಟ್ಯಾಂಕಿಗೆ ವಾಪಸ್ ಬಿಡುವ ವಾಲ್ವ್), ಸಿಲಿಂಡರಿನ ಪಿಸ್ಟನ್ ಸೀಲ್, ಪಂಪಿನ ಒಳಗೆ. ಜನ ಮೂರನೆಯದನ್ನು ಮೊದಲು ಹಿಡಿಯುತ್ತಾರೆ. ನಾನು ಅದನ್ನು ಕೊನೆಗೆ ಇಟ್ಟುಕೊಳ್ಳುತ್ತೇನೆ, ಯಾಕೆಂದರೆ ಮೊದಲಿನ ಎರಡನ್ನು ನೋಡಲು ಖರ್ಚೇ ಇಲ್ಲ.

ಸಿಲಿಂಡರ್ ಪರೀಕ್ಷೆ ಹೀಗೆ. ರಾಡ್ ಪೂರ್ತಿ ಹೊರಗೆ ಬಂದು ನಿಲ್ಲಲಿ. ಮೋಟರ್ ಆಫ್ ಮಾಡಿ, ಲಿವರನ್ನು ಎರಡೂ ಕಡೆ ಆಡಿಸಿ ಪ್ರೆಷರ್ ಬಿಡಿ. ರಾಡ್ ಕಡೆಯ ಹೋಸ್ ಬಿಚ್ಚಿ, ಬಿಚ್ಚಿದ ಹೋಸಿನ ಬಾಯಿಗೆ ಪ್ಲಗ್ ಹಾಕಿ. ಸಿಲಿಂಡರಿನ ತೆರೆದ ಬಾಯಿಯ ಕೆಳಗೆ ಬಕೆಟ್ ಇಡಿ. ಈಗ ಮೋಟರ್ ಹಾಕಿ ರಾಡ್ ಹೊರಗೆ ಹೋಗುವ ಕಡೆಗೇ ಲಿವರ್ ಒತ್ತಿ. ತಪ್ಪಿಯೂ ರಾಡ್ ಒಳಗೆ ಬರುವ ಕಡೆಗೆ ಒತ್ತಬೇಡಿ. ಬಾಯಿಂದ ನಾಲ್ಕು ಹನಿ ಬಂದು ನಿಂತರೆ ಸೀಲ್ ಚೆನ್ನಾಗಿದೆ. ನಲ್ಲಿ ಬಿಟ್ಟ ಹಾಗೆ ಸುರಿಯುತ್ತಲೇ ಇದ್ದರೆ ಪಿಸ್ಟನ್ ಸೀಲ್ ಹೋಗಿದೆ. ಪಂಪ್ ಮುಟ್ಟಬೇಡಿ, ಸೀಲ್ ಕಿಟ್ ತನ್ನಿ.

ಸಿಲಿಂಡರ್ ಸರಿ ಇದ್ದರೆ ರಿಲೀಫ್ ವಾಲ್ವ್ ಬಿಚ್ಚಿ. ಸ್ಪ್ರಿಂಗ್ ಮುರಿದಿದೆಯಾ, ದಾರಿ ಮುಚ್ಚುವ ಪಾಪೆಟ್ ಕೂರುವ ಜಾಗದಲ್ಲಿ ಕಸ ಸಿಕ್ಕಿದೆಯಾ ನೋಡಿ. ಒಂದು ಸಣ್ಣ ಕಬ್ಬಿಣದ ಚೂರು ಅಲ್ಲಿ ಕೂತರೆ ಸಾಕು, 12 ಟನ್ನಿನ ಮಿಷನ್ ಬಾಳೆದಿಂಡನ್ನೂ ಸೀಳುವುದಿಲ್ಲ. ಬಿಚ್ಚುವ ಮುಂಚೆ ಅಡ್ಜಸ್ಟ್ ಸ್ಕ್ರೂ ಎಷ್ಟು ಹೊರಗಿದೆ ಅಂತ ಅಳತೆ ಬರೆದಿಟ್ಟುಕೊಳ್ಳಿ. ಇನ್ನೊಂದು ಮಾತು. ಪ್ರೆಷರ್ ಬರುತ್ತಾ ನೋಡೋಣ ಅಂತ ಪಂಪಿನ ಬಾಯಿಗೇ ನೇರವಾಗಿ ಪ್ಲಗ್ ಬಿಗಿದು ಮೋಟರ್ ಹಾಕುವವರನ್ನು ಕಂಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ನಡುವೆ ರಿಲೀಫ್ ವಾಲ್ವ್ ಇಲ್ಲದೆ ಗೇರ್ ಪಂಪಿನ ಬಾಯಿ ಕಟ್ಟಿದರೆ ಬಾಡಿ ಒಡೆಯುತ್ತದೆ, ಚೂರು ಎದುರಿಗೆ ನಿಂತವರ ಮುಖಕ್ಕೆ ಬರುತ್ತದೆ.

ಎರಡೂ ಸರಿ ಇದ್ದು ಪ್ರೆಷರ್ ಮಾತ್ರ ಇಲ್ಲ ಅಂದಾಗ ಪಂಪ್ ಸವೆದಿದೆ ಅನ್ನಬಹುದು. ಸವೆದ ಪಂಪಿಗೆ ಇನ್ನೊಂದು ಗುರುತಿದೆ. ಬೆಳಿಗ್ಗೆ ತಣ್ಣಗಿರುವಾಗ ಚೆನ್ನಾಗಿ ಸೀಳುತ್ತದೆ, ಹತ್ತು ಗಂಟೆಯ ಹೊತ್ತಿಗೆ ಸುಸ್ತಾಗುತ್ತದೆ. ಬಿಸಿಯಾದ ಆಯಿಲ್ ತೆಳ್ಳಗಾಗಿ ಗೇರಿನ ಸಂದಿಯಲ್ಲಿ ವಾಪಸ್ ಜಾರುತ್ತದೆ. ಸೌದೆ ಇಲ್ಲದೆ ಸುಮ್ನೆ ರಾಡ್ ಓಡಿಸಿ ಸಮಯ ನೋಡಿದರೆ ಇದು ಗೊತ್ತಾಗುವುದಿಲ್ಲ, ಆಗಲೂ 15-16 ಸೆಕೆಂಡೇ ತೋರಿಸಬಹುದು. ಸೋರಿಕೆ ಹೆಚ್ಚುವುದು ಪ್ರೆಷರ್ ಏರಿದಾಗ. ಅದಕ್ಕೆ ಬಿಸಿಯಾದ ಮೇಲೆ, ಗಟ್ಟಿ ಹುಣಸೆ ತುಂಡು ಇಟ್ಟು ನೋಡಬೇಕು.

ಹೊರಗಿನಿಂದ ಬಂದ ಕೆಲವು ಇಂಜಿನ್ ಮಿಷನ್‌ಗಳಲ್ಲಿ ಎರಡು ಹಂತದ ಪಂಪ್ ಇರುತ್ತದೆ. ದೊಡ್ಡ ಗೇರು ರಾಡನ್ನು ಬೇಗ ಓಡಿಸುತ್ತದೆ. ಸೌದೆ ತಾಗಿ ಪ್ರೆಷರ್ 40 ಬಾರ್ ಆಸುಪಾಸು ಏರಿದರೆ ಅದು ಕಳಚಿಕೊಂಡು ಸಣ್ಣ ಗೇರು ಮಾತ್ರ ತಳ್ಳುತ್ತದೆ. ಯಾವಾಗಲೂ ನಿಧಾನ, ಆದರೆ ಬಲ ಇದೆ ಅಂದರೆ ನಡುವಿನ ಅನ್‌ಲೋಡಿಂಗ್ ವಾಲ್ವ್ ತೆರೆದೇ ಉಳಿದಿದೆ. ಸೌದೆ ತಾಗಿದ ಕೂಡಲೇ ಇಂಜಿನ್ ಬಂದ್ ಬೀಳುತ್ತದೆ ಅಂದರೆ ಅದು ಮುಚ್ಚಿಕೊಂಡೇ ಇದೆ. ವೇಗ ಇದೆ, ಬಲ ಇಲ್ಲ ಅಂದರೆ ರಿಲೀಫ್ ಮತ್ತು ಸಿಲಿಂಡರ್ ನೋಡಿದ ಮೇಲೆ ಸಣ್ಣ ಗೇರನ್ನು ಅನುಮಾನಿಸಿ.

ಸದ್ದು ಮತ್ತು ಆಯಿಲ್

ಪಂಪ್ ಸಾಯುವ ಮುಂಚೆ ಕೂಗುತ್ತದೆ. ಆ ಕೂಗು ಎರಡು ತರ. ಒಂದೇ ಸಮನೆ ಕೀರಲು ದನಿಯಲ್ಲಿ ಅತ್ತರೆ ಆಯಿಲ್ ಸಾಕಾಗುತ್ತಿಲ್ಲ. ಒಳಗೆ ಗೋಲಿ ಹಾಕಿ ಅಲ್ಲಾಡಿಸಿದ ಹಾಗೆ ಕಟಕಟ ಅಂದರೆ ಗಾಳಿ ಎಳೆಯುತ್ತಿದೆ. ಗಾಳಿ ಸೇರಿದ್ದರೆ ಟ್ಯಾಂಕಿನಲ್ಲಿ ನೊರೆ ಕಾಣುತ್ತದೆ, ರಾಡ್ ಜರ್ಕ್ ಹೊಡೆಯುತ್ತಾ ಹೋಗುತ್ತದೆ. ಎರಡಕ್ಕೂ ಮೂಲ ಸಕ್ಷನ್ ಕಡೆಯಲ್ಲೇ, ಟ್ಯಾಂಕಿನಿಂದ ಪಂಪಿಗೆ ಬರುವ ಆ ಮೊಳದುದ್ದದ ಪೈಪಿನಲ್ಲಿ.

ನನ್ನ ಅನುಭವದಲ್ಲಿ ಅತಿ ಹೆಚ್ಚು ಪಂಪ್‌ಗಳು ಸತ್ತಿರುವುದು ಈ ಪೈಪಿನಿಂದ. ಸಂತೇಬೆನ್ನೂರಿನ ಹತ್ತಿರ ಒಂದು ಖೇಣಿ ಮನೆಯಲ್ಲಿ ಒಂದೇ ಸುಗ್ಗಿಗೆ ಎರಡು ಪಂಪ್ ಬದಲಾಯಿಸಿದ್ದರು. ಬೇರೆ ಕಡೆ ಕೆಲಸ ಮಾಡಿಸಿದ್ದರು, ಮೂರನೆಯದಕ್ಕೆ ನನ್ನನ್ನು ಕರೆದರು. ಟ್ಯಾಂಕ್ ಒಳಗಿನ ಜಾಳಿಗೆ ಶುದ್ಧ, ಆಯಿಲ್ ಹೊಸದು, ಪೈಪ್ ಹೊರಗಿನಿಂದ ಚೆನ್ನಾಗಿದೆ. ಆದರೂ ಪಂಪ್ ಅಳುತ್ತಿದೆ. ಸಕ್ಷನ್ ಹೋಸ್ ಬಿಚ್ಚಿ ಬಿಸಿಲಿಗೆ ಹಿಡಿದು ಒಳಗೆ ನೋಡಿದೆ. ಒಳಪದರದ ರಬ್ಬರ್ ಒಂದು ಕಡೆ ಕಿತ್ತು ನಾಲಿಗೆಯಂತೆ ಜೋತುಬಿದ್ದಿತ್ತು. ಮೋಟರ್ ನಿಂತಾಗ ಅದು ಗೋಡೆಗೆ ಅಂಟಿಕೊಂಡಿರುತ್ತಿತ್ತು. ಓಡಿದ ಕೂಡಲೇ ಎಳೆತಕ್ಕೆ ಎದ್ದು ದಾರಿ ಮುಚ್ಚುತ್ತಿತ್ತು. ಹೊರಗಿನಿಂದ ಅಮುಕಿ ನೋಡಿದವರಿಗೆ ಇದು ಕಾಣುವುದೇ ಇಲ್ಲ. ಒಳಗೆ ತಂತಿ ಸುತ್ತಿದ ಸಕ್ಷನ್ ಹೋಸ್ ಹಾಕಿದ ಮೇಲೆ ಆ ಕೂಗು ನಿಂತಿತು.

ಈ ಹೋಸಿನ ಒಳಗಾತ್ರವೂ ಮುಖ್ಯ. ನಿಮಿಷಕ್ಕೆ 16 ಲೀಟರ್ ಎಳೆಯುವ ಪಂಪಿಗೆ ಒಂದು ಇಂಚಿನ ಹೋಸ್ ಹಾಕಿದರೆ ಆಯಿಲ್ ಸೆಕೆಂಡಿಗೆ ಅರ್ಧ ಮೀಟರ್ ವೇಗದಲ್ಲಿ ಬರುತ್ತದೆ, ಆರಾಮ. ಅರ್ಧ ಇಂಚು ಹಾಕಿದರೆ ಎರಡು ಮೀಟರ್ ದಾಟುತ್ತದೆ. ಸಕ್ಷನ್‌ನಲ್ಲಿ ಒಂದು ಮೀಟರ್ ಮೀರಬಾರದು ಅನ್ನುವುದು ನಾವು ಪಾಲಿಸುವ ಲೆಕ್ಕ. ಎಲ್ಬೋ ಕಡಿಮೆ ಇರಲಿ, ಹೋಸ್ ಗಿಡ್ಡ ಇರಲಿ, ಪ್ರತಿ ತುದಿಗೆ ಎರಡು ಕ್ಲಾಂಪ್ ಇರಲಿ. ಗಾಳಿ ಎಲ್ಲಿಂದ ಹೋಗುತ್ತಿದೆ ಅಂತ ಹುಡುಕಲು ಮಿಷನ್ ಓಡುವಾಗ ಒಂದೊಂದೇ ಜಾಯಿಂಟಿಗೆ ಗ್ರೀಸ್ ಹಚ್ಚಿ. ಎಲ್ಲಿ ಹಚ್ಚಿದಾಗ ಸದ್ದು ಇಳಿಯುತ್ತದೋ ಅದೇ ಜಾಗ. ಪಂಪಿನ ಶಾಫ್ಟ್ ಸೀಲ್ ಹೋಗಿದ್ದರೂ ಗಾಳಿ ಒಳಗೆ ಬರಬಹುದು, ಕಪ್ಲಿಂಗ್ ಕಡೆಯೂ ನೋಡಿ. ಆದರೆ ಅಲ್ಲಿ ತಿರುಗುವ ಭಾಗ ಇದೆ, ಕೈ ಹಾಕುವ ಮುಂಚೆ ಮೋಟರ್ ಆಫ್ ಮಾಡಲೇಬೇಕು. ರಿಟರ್ನ್ ಪೈಪ್ ಆಯಿಲ್ ಒಳಗೆ ಮುಳುಗಿರಬೇಕು. ಮೇಲಿನಿಂದ ಸುರಿದರೆ ನೊರೆ ಖಾತ್ರಿ.

ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ. ಅಡಿಕೆ ಸುಗ್ಗಿ ಮಳೆಗಾಲದಲ್ಲೇ ಶುರುವಾಗುತ್ತದೆ ಅಲ್ವಾ, ಮಿಷನ್ ಅಂಗಳದಲ್ಲಿ ನೆನೆಯುತ್ತದೆ, ಟ್ಯಾಂಕಿಗೆ ಗಾಳಿ ಬಿಡುವ ಬ್ರೀದರ್ ಕ್ಯಾಪ್ ಸಡಿಲ ಇರುತ್ತದೆ. ಅನುಮಾನ ಇದ್ದರೆ ಬಿಸಿ ತವೆಯ ಮೇಲೆ ಒಂದೆರಡು ಹನಿ ಬಿಡಿ, ಮುಖ ದೂರ ಇರಲಿ. ಚಟಚಟ ಅಂದರೆ ನೀರಿದೆ. ಕಪ್ಪಗಾಗಿ ಸುಟ್ಟ ವಾಸನೆ ಬಂದರೆ ಬಿಸಿ ಜಾಸ್ತಿಯಾಗಿದೆ. ಎರಡರಲ್ಲೂ ಆಯಿಲ್ ಪೂರ್ತಿ ಬದಲಾಯಿಸಬೇಕು. ಸ್ವಲ್ಪ ಹೊಸದು ಸೇರಿಸಿ ಸಾಗಹಾಕುವುದು ಬೇಡ. ಟ್ರ್ಯಾಕ್ಟರಿನಿಂದ ಇಳಿಸಿದ ಸುಟ್ಟ ಇಂಜಿನ್ ಆಯಿಲ್ ಅಂತೂ ಎಂದಿಗೂ ಹಾಕಬೇಡಿ. ಅದರಲ್ಲಿ ಮಸಿಯೂ ಕಬ್ಬಿಣದ ಪುಡಿಯೂ ಇರುತ್ತದೆ. ನಮ್ಮ ಕಡೆಯ ಬೇಸಿಗೆಗೆ ಐಎಸ್‌ಒ ವಿಜಿ 68 ಹೈಡ್ರಾಲಿಕ್ ಆಯಿಲ್ ಸರಿಹೋಗುತ್ತದೆ. ಮಳೆ, ಚಳಿಗಾಲದಲ್ಲಿ ಮಾತ್ರ ಓಡುವ ಮಿಷನ್‌ಗೆ 46 ಸಾಕು.

ಬಿಸಿ ಯಾಕೆ ಆಗುತ್ತದೆ? ಲಿವರ್ ಒತ್ತಿ ಹಿಡಿಯುವುದರಿಂದ. ಹುಣಸೆಯ ಗಂಟೋ ಬಳ್ಳಾರಿ ಜಾಲಿಯ ತಿರುಚಿದ ಕೊರಡೋ ಸಿಕ್ಕಿ ರಾಡ್ ನಿಂತುಬಿಡುತ್ತದೆ. ಹುಡುಗ ಲಿವರ್ ಬಿಡುವುದಿಲ್ಲ, ಇನ್ನೇನು ಸೀಳುತ್ತದೆ ಅಂತ. ಆಗ ಪಂಪ್ ಕೊಡುವ ಅಷ್ಟೂ ಆಯಿಲ್ ರಿಲೀಫ್ ವಾಲ್ವಿನ ಸಂದಿಯಲ್ಲಿ ನುಗ್ಗಿ ಸುಮಾರು 4 ಕಿಲೋವಾಟ್ ಶಕ್ತಿ ಬರೀ ಶಾಖವಾಗುತ್ತದೆ. 50 ಲೀಟರ್ ಟ್ಯಾಂಕ್ ಇದ್ದರೂ ಒಂದು ನಿಮಿಷಕ್ಕೆ ಸುಮಾರು 3 ಡಿಗ್ರಿ ಏರುತ್ತದೆ. 20 ಲೀಟರಿನ ಸಣ್ಣ ಟ್ಯಾಂಕ್ ಕೂರಿಸಿದ ಮಿಷನ್ ಆದರೆ 7 ಡಿಗ್ರಿ. ಎರಡು ಸೆಕೆಂಡಿಗೆ ಸೀಳದಿದ್ದರೆ ಲಿವರ್ ಬಿಡಬೇಕು, ತುಂಡನ್ನು ತಿರುಗಿಸಿ ಗಂಟಿನ ಪಕ್ಕಕ್ಕೆ ಬೆಣೆ ಕೊಡಬೇಕು. ನೀಲಗಿರಿಯನ್ನು ಹಸಿ ಇದ್ದಾಗಲೇ ಸೀಳಿ ಒಣಗಿಸಿ, ಒಣಗಿದ ಮೇಲೆ ಅದು ಬಹಳ ಹಟ ಮಾಡುತ್ತದೆ. ಟ್ಯಾಂಕ್ ಮಾಡಿಸುವವರು ನಿಮಿಷದ ಹರಿವಿನ ಮೂರು ಪಟ್ಟಾದರೂ ಇಡಿ. ಆಯಿಲ್ 60-65 ಡಿಗ್ರಿ ದಾಟದಂತೆ ನೋಡಿಕೊಂಡರೆ ಸೀಲುಗಳು ಬಾಳುತ್ತವೆ.

ಬಿಚ್ಚಿದ ಪಂಪ್ ಏನು ಹೇಳುತ್ತದೆ

ಸತ್ತ ಪಂಪನ್ನು ಗುಜರಿಗೆ ಹಾಕುವ ಮುಂಚೆ ಒಮ್ಮೆ ಬಿಚ್ಚಿ ನೋಡಿ. ಬಿಚ್ಚುವ ಮೊದಲು ಮುಂದಿನ ಕವರ್, ನಡುವಿನ ಬಾಡಿ, ಹಿಂದಿನ ಕವರ್ ಮೂರಕ್ಕೂ ಅಡ್ಡಲಾಗಿ ಪಂಚಿನಿಂದ ಗುರುತು ಹಾಕಿ. ನಾಲ್ಕು ಬೋಲ್ಟ್ ತೆಗೆದರೆ ಕವರ್ ಬರುತ್ತದೆ. ಗೇರು, ಬುಷ್ ಬ್ಲಾಕುಗಳನ್ನು ಬಟ್ಟೆಯ ಮೇಲೆ ಬಂದ ಕ್ರಮದಲ್ಲೇ ಸಾಲಾಗಿ ಇಡಿ.

ಬುಷ್ ಬ್ಲಾಕಿನ ಮುಖಕ್ಕೆ ಉಗುರು ಆಡಿಸಿ. ಸುತ್ತುಸುತ್ತಾಗಿ ಗೀರು ಬಿದ್ದಿದ್ದು ಉಗುರಿಗೆ ಸಿಕ್ಕಿದರೆ ಕಸ ಹೋಗಿದೆ. ಗೀರಿನ ಬದಲು ಸಣ್ಣ ಸಣ್ಣ ಗುಳಿ, ಇರುವೆ ಕೊರೆದ ಹಾಗೆ ಕಂಡರೆ ಅದು ಆಯಿಲ್ ಸಾಲದೆ ಗುಳ್ಳೆ ಎದ್ದು ಒಡೆದ ಗುರುತು, ಸಕ್ಷನ್ ಕಡೆ ಹುಡುಕಿ. ಗೇರಿನ ಪಕ್ಕ ನೀಲಿ ಬಣ್ಣ ತಿರುಗಿದ್ದರೆ ಒಣಗಿ ಓಡಿದೆ. ಬುಷ್ ಬ್ಲಾಕಿನ ಹಿಂದೆ ಕನ್ನಡದ ೩ರ ಆಕಾರಕ್ಕೆ ಹತ್ತಿರದ ಒಂದು ರಬ್ಬರ್ ಸೀಲ್ ಕೂತಿರುತ್ತದೆ. ಅದು ಹಿಗ್ಗಿ ತಾನು ಕೂರುವ ತೋಡಿನಿಂದ ಆಚೆ ಬಂದಿದ್ದರೆ ಪ್ರೆಷರ್ ಜಾಸ್ತಿ ಇಟ್ಟಿದ್ದಾರೆ, ಗಟ್ಟಿಯಾಗಿ ಬಳಪದಂತೆ ಮುರಿದರೆ ಶಾಖಕ್ಕೆ ಬೆಂದಿದೆ.

ಇನ್ನು ಬಾಡಿಯ ಒಳಗೋಡೆ. ಪ್ರೆಷರ್ ಯಾವಾಗಲೂ ಗೇರನ್ನು ಸಕ್ಷನ್ ಕಡೆಗೆ ಒತ್ತುತ್ತದೆ. ಹಾಗಾಗಿ ಆ ಕಡೆ ಹಲ್ಲು ಉಜ್ಜಿದ ಒಂದು ತೆಳು ಹೊಳೆಯುವ ಪಟ್ಟಿ ಒಳ್ಳೆಯ ಪಂಪಿನಲ್ಲೂ ಇರುತ್ತದೆ. ಅದನ್ನು ನೋಡಿ ಪಂಪ್ ಸವೆದಿದೆ ಅಂತ ಹೆದರುವುದು ಬೇಡ. ಉಗುರು ಪೂರ್ತಿ ಇಳಿಯುವಷ್ಟು ಮೆಟ್ಟಿಲು ಬಿದ್ದಿದ್ದರೆ ಮಾತ್ರ ಬಾಡಿ ಮುಗಿಯಿತು. ಬಾಡಿಯೂ ಬ್ಲಾಕೂ ನುಣ್ಣಗಿದ್ದರೆ ಸೀಲ್ ಕಿಟ್ ಹಾಕಿ ಮತ್ತೆ ಓಡಿಸಬಹುದು. ಗೀರು ಬಿದ್ದ ಬ್ಲಾಕನ್ನು ಎಮೆರಿ ಪೇಪರಲ್ಲಿ ಉಜ್ಜಿ ಹಾಕುವುದನ್ನು ನಾನು ಒಪ್ಪುವುದಿಲ್ಲ. ಅದು ಸುಗ್ಗಿ ಮುಗಿಯುವ ತನಕವೂ ಬರುವುದಿಲ್ಲ.

ಶಾಫ್ಟ್ ಸೀಲ್ ಹೊರಗೆ ಹಾರಿ ಕಪ್ಲಿಂಗ್ ಎಲ್ಲ ಆಯಿಲ್ ಆಗಿದ್ದರೆ ಮೊದಲ ಪ್ರಶ್ನೆ: ಇತ್ತೀಚೆಗೆ ಕರೆಂಟಿನ ಕೆಲಸ ಏನಾದರೂ ಆಯಿತಾ? ಟ್ರಾನ್ಸ್‌ಫಾರ್ಮರ್ ಬದಲಾಯಿಸಿದಾಗ, ಸ್ಟಾರ್ಟರ್ ಬಿಚ್ಚಿ ಕಟ್ಟಿದಾಗ ಎರಡು ಫೇಸ್ ಅದಲು ಬದಲಾಗಬಹುದು. ಮೋಟರ್ ಉಲ್ಟಾ ತಿರುಗುತ್ತದೆ. ಬೋರ್‌ವೆಲ್ ಮೋಟರ್ ಆದರೆ ನೀರು ಕಡಿಮೆ ಬಂತು ಅಂತ ಗೊತ್ತಾಗುತ್ತದೆ, ಸರಿ ಮಾಡುತ್ತೀರಿ. ಒಂದೇ ದಿಕ್ಕಿಗೆ ಮಾಡಿದ ಗೇರ್ ಪಂಪ್ ಉಲ್ಟಾ ತಿರುಗಿದರೆ ಶಾಫ್ಟ್ ಸೀಲಿನ ಹಿಂದೆಯೇ ಪ್ರೆಷರ್ ಬೀಳುತ್ತದೆ, ಸೀಲ್ ನಿಮಿಷದೊಳಗೆ ಹಾರುತ್ತದೆ. ಇದಕ್ಕೆ ಮೋಟರ್ ಫ್ಯಾನ್ ಕವರ್ ಮೇಲೆ ತಿರುಗುವ ದಿಕ್ಕಿಗೆ ಬಾಣದ ಗುರುತು ಬರೆಯಿರಿ. ಕರೆಂಟಿನ ಕೆಲಸ ಆದಾಗಲೆಲ್ಲ ಸ್ವಿಚ್ ಒಂದು ಕ್ಷಣ ಒತ್ತಿ ಬಿಟ್ಟು ಫ್ಯಾನ್ ನೋಡಿ.

ಸೀಲ್ ಪದೇ ಪದೇ ಹೋಗುತ್ತಿದ್ದು ದಿಕ್ಕು ಸರಿಯಾಗಿದ್ದರೆ ಕಪ್ಲಿಂಗ್ ಲೈನ್ ತಪ್ಪಿದೆ. ಪುಲ್ಲಿ ಹಾಕಿ ಬೆಲ್ಟಿನಲ್ಲಿ ಪಂಪ್ ಓಡಿಸುವ ಮಿಷನ್‌ಗಳನ್ನೂ ಮಾಡುತ್ತಾರೆ. ಬೆಲ್ಟಿನ ಎಳೆತ ಸಣ್ಣ ಬುಷ್ ಮೇಲೆ ಬಿದ್ದು ಪಂಪ್ ಒಂದು ಪಕ್ಕಕ್ಕೆ ಸವೆಯುತ್ತದೆ. ಬೆಲ್ಟೇ ಬೇಕು ಅಂದರೆ ಪುಲ್ಲಿಗೆ ಬೇರೆ ಬೇರಿಂಗ್ ಸ್ಟ್ಯಾಂಡ್ ಕೊಡಬೇಕು.

ಹೊಸ ಪಂಪ್ ಹಾಕುವಾಗ

ಹಳೆಯ ಪಂಪಿನ ಅಲ್ಯೂಮಿನಿಯಂ ಪುಡಿ ಇಡೀ ಮಿಷನ್ನಿನಲ್ಲಿ ಓಡಾಡಿರುತ್ತದೆ. ಟ್ಯಾಂಕ್ ಬಿಚ್ಚಿ ತಳ ಒರೆಸಿ, ನೂಲು ಬಿಡದ ಬಟ್ಟೆಯಲ್ಲಿ. ಹೋಸುಗಳನ್ನು ಡೀಸೆಲ್ ಹಾಕಿ ತೊಳೆದು ಗಾಳಿ ಊದಿ. ಸಿಲಿಂಡರಿನ ಆಯಿಲನ್ನೂ ಎರಡೂ ಕಡೆಯಿಂದ ಹೊರಗೆ ಚೆಲ್ಲಿ, ಜನ ಮರೆಯುವುದು ಇದನ್ನೇ. ರಿಟರ್ನ್ ಫಿಲ್ಟರ್ ಹೊಸದು ಹಾಕಿ. ಫಿಲ್ಟರೇ ಇಲ್ಲದ ಮಿಷನ್ ಆದರೆ ಈಗಲೇ ಒಂದು 25 ಮೈಕ್ರಾನಿನದು ಕೂರಿಸಿ.

ಹಳೆಯ ಪಂಪಿನ ಸಿಸಿ, ತಿರುಗುವ ದಿಕ್ಕು, ಶಾಫ್ಟಿನ ಅಳತೆ ಮೂರೂ ಹೊಂದಬೇಕು. ಬಲ ಜಾಸ್ತಿ ಬರಲಿ ಅಂತ ದೊಡ್ಡ ಸಿಸಿ ತರುತ್ತಾರೆ. ಸಿಸಿ ಹೆಚ್ಚಾದರೆ ರಾಡಿನ ವೇಗ ಹೆಚ್ಚುತ್ತದೆ, ಬಲ ಹೆಚ್ಚುವುದಿಲ್ಲ. 16 ಸಿಸಿ ಹಾಕಿದರೆ 150 ಬಾರ್‌ಗೆ 9 ಎಚ್‌ಪಿ ಬೇಕು, ನಿಮ್ಮ 7.5 ಮೋಟರ್ ಸುಡುತ್ತದೆ. ದೊಡ್ಡ ಬಾಯಿ ಸಕ್ಷನ್, ಚಿಕ್ಕ ಬಾಯಿ ಪ್ರೆಷರ್. ಕಪ್ಲಿಂಗನ್ನು ಶಾಫ್ಟಿಗೆ ಸುತ್ತಿಗೆಯಲ್ಲಿ ಬಡಿದು ಕೂರಿಸಬೇಡಿ, ಏಟು ನೇರ ಒಳಗಿನ ಬ್ಲಾಕಿಗೆ ಬೀಳುತ್ತದೆ. ಎರಡು ಕಪ್ಲಿಂಗ್ ನಡುವೆ ಎರಡು ಮಿ.ಮೀ. ಸಂದಿ ಬಿಡಿ.

ಪಂಪಿನ ಸಕ್ಷನ್ ಬಾಯಿಗೆ ಶುದ್ಧ ಆಯಿಲ್ ಸುರಿದು ಶಾಫ್ಟನ್ನು ಕೈಯಲ್ಲಿ ಕೆಲವು ಸುತ್ತು ತಿರುಗಿಸಿ, ಆಮೇಲೆ ಹೋಸ್ ಕಟ್ಟಿ. ಒಣ ಪಂಪ್ ಓಡಿಸಿದರೆ ಮೊದಲ ಅರ್ಧ ನಿಮಿಷದಲ್ಲೇ ಬ್ಲಾಕಿಗೆ ಗೀರು ಬೀಳುತ್ತದೆ. ರಿಲೀಫ್ ಸ್ಕ್ರೂ ಪೂರ್ತಿ ಸಡಿಲ ಮಾಡಿ. ಸ್ವಿಚ್ ಒತ್ತಿ ಬಿಟ್ಟು ದಿಕ್ಕು ನೋಡಿ. ಐದು ನಿಮಿಷ ಲೋಡ್ ಇಲ್ಲದೆ ಓಡಿಸಿ, ರಾಡನ್ನು ನಾಲ್ಕಾರು ಸಲ ಹೊರಗೆ ಒಳಗೆ ಆಡಿಸಿ ಗಾಳಿ ಬಿಡಿಸಿ. ಲೆವೆಲ್ ಇಳಿದಿರುತ್ತದೆ, ಮತ್ತೆ ತುಂಬಿ. ಈಗ ರಾಡನ್ನು ತುದಿಗೆ ನಿಲ್ಲಿಸಿ, ಗೇಜ್ ನೋಡುತ್ತಾ ರಿಲೀಫನ್ನು ಕಾಲು ಸುತ್ತಿನಂತೆ ಬಿಗಿ ಮಾಡುತ್ತಾ 150ಕ್ಕೆ ತಂದು ಲಾಕ್ ನಟ್ ಹಾಕಿ. ಗೇಜ್ ಇಲ್ಲದೆ ಅಂದಾಜಿಗೆ ಬಿಗಿಯುವುದು ಬೇಡವೇ ಬೇಡ.

ಸೋರಿಕೆ ನೋಡಲು ಹೋಸಿನ ಮೇಲೆ ಕೈ ಸವರಬೇಡಿ, ಒಂದು ರಟ್ಟಿನ ತುಂಡು ಹಿಡಿಯಿರಿ. ಸೂಜಿಯಷ್ಟು ತೂತಿನಿಂದ 150 ಬಾರ್‌ನಲ್ಲಿ ಚಿಮ್ಮುವ ಆಯಿಲ್ ಚರ್ಮದ ಒಳಗೆ ಹೋಗುತ್ತದೆ. ಮೇಲೆ ಸಣ್ಣ ಚುಕ್ಕೆ ಮಾತ್ರ ಕಾಣುತ್ತದೆ, ನೋವೂ ಅಷ್ಟಿರುವುದಿಲ್ಲ. ಆದರೂ ತಡ ಮಾಡದೆ ದೊಡ್ಡ ಆಸ್ಪತ್ರೆಗೆ ಹೋಗಿ, ಹೈಡ್ರಾಲಿಕ್ ಆಯಿಲ್ ಚುಚ್ಚಿದೆ ಅಂತ ಡಾಕ್ಟರಿಗೆ ಬಾಯಿಬಿಟ್ಟು ಹೇಳಬೇಕು. ಕೆಲವೇ ಗಂಟೆ ಬಿಟ್ಟರೂ ಬೆರಳು ಹೋಗಬಹುದು.

ಮೊದಲ ವಾರದ ಕೆಲಸ ಮುಗಿದ ಮೇಲೆ ಫಿಲ್ಟರ್ ಬಿಚ್ಚಿ, ಅದರ ಆಯಿಲನ್ನು ಬಿಳಿ ಬಟ್ಟೆಯ ಮೇಲೆ ಸುರಿದು ಬಿಸಿಲಿಗೆ ಹಿಡಿಯಿರಿ. ಒಂದೆರಡು ಹೊಳೆಯುವ ಕಣ ಇದ್ದರೆ ತೊಳೆದಾಗ ಉಳಿದದ್ದು. ಬಟ್ಟೆ ತುಂಬ ಮಿನುಗಿದರೆ ಮಿಷನ್ ನಿಲ್ಲಿಸಿ, ಸಕ್ಷನ್ ಹೋಸಿನಿಂದ ಮತ್ತೆ ಹುಡುಕಲು ಶುರುಮಾಡಿ.